ಕುರ್ಚಿಯಪ್ಪನ ಸೊಳ್ಳೆ ಡಬ್ಬಿಗಳು

ಕುರ್ಚಿಯಪ್ಪ ಸೋಮಾರಿ. ಇದರಲ್ಲಿ ಎರಡು ಮಾತಿಲ್ಲ. ಸೋಮಾರಿಗಳಲ್ಲಿ ಕೆಲಸವನ್ನು ನಾಳೆಗೆ ತಳ್ಳುವವರುಂಟು, ಕೆಲಸ ಕಂಡೊಡನೆ ಸೊಂಟ ಹಿಡಿದುಕೊಳ್ಳುವವರುಂಟು, ಇನ್ನೊಬ್ಬರ ಕೈಯಲ್ಲಿ ಮಾಡಿಸಿ ತಾವು ಬೆವರು ಒರೆಸಿಕೊಳ್ಳುವವರುಂಟು. ಕುರ್ಚಿಯಪ್ಪ ಈ ಯಾವ ಗುಂಪಿಗೂ ಸೇರಿದವನಲ್ಲ. ನೆಪ ಹುಡುಕುವುದೂ ಒಂದು ಕೆಲಸವೇ ಆದ್ದರಿಂದ ಅದನ್ನೂ ಅವನು ಮಾಡುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದ.

ಈ ತೀರ್ಪು ಬೀದಿಯವರದಲ್ಲ, ಅವನ ಒಡಹುಟ್ಟಿದ ಅಕ್ಕನದು. ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಒಂದನ್ನು ಹೊಲಿಗೆ ಅಂಗಡಿ ಮಾಡಿಕೊಂಡು ಮೂವತ್ತು ವರ್ಷದಿಂದ ಶಾಲೆಯ ಮಕ್ಕಳಿಗೆ ಕಡುನೀಲಿ ಸಮವಸ್ತ್ರ ಹೊಲಿಯುತ್ತಿದ್ದಳು. ಇನ್ನೊಂದು ಕೋಣೆಯಲ್ಲಿ ಅವಳೂ ಮೊಮ್ಮಗಳು ಪುಟ್ಟಿಯೂ ಮಲಗುತ್ತಿದ್ದರು. ಪುಟ್ಟಿಯ ಅಪ್ಪ ಅಮ್ಮ ಇದ್ದದ್ದು ಮಹಡಿಯ ಮೇಲೆ, ಇಬ್ಬರದೂ ನಸುಕಿನಲ್ಲೇ ಹೊರಡುವ ನೌಕರಿ. ಪುಟ್ಟಿ ಮಲಗುವ ಕೋಣೆಯ ಕಿಟಕಿಯ ಕೆಳಗೆ, ಅಂಗಳದಲ್ಲಿ, ಒಂದು ಬೆತ್ತದ ಕುರ್ಚಿ. ಕುರ್ಚಿಯಪ್ಪನಿಗೆ ಆ ಹೆಸರು ಬಂದದ್ದು ಅದರಿಂದಲೇ. ಕುರ್ಚಿಯ ಬೆತ್ತ ಅವನ ಆಕಾರಕ್ಕೆ ತಗ್ಗಾಗಿ, ಅವನಿಲ್ಲದಾಗಲೂ ಅವನು ಕೂತಿರುವ ಹಾಗೆ ಕಾಣುತ್ತಿತ್ತು.

ಅವನು ಕೆಲಸಗಳನ್ನು ಹಿಡಿಯದೇ ಇರಲಿಲ್ಲ. ಗೋದಾಮಿನ ಕಾವಲುಗಾರನಾಗಿ ನಿದ್ದೆ ಮಾಡಿದ. ಗ್ರಂಥಾಲಯದಲ್ಲಿ ನಿದ್ದೆ ಮಾಡಿದ. ಅಲ್ಲಿ ಅದನ್ನು ಯಾರೂ ತಪ್ಪೆನ್ನಲಿಲ್ಲ, ಗೊರಕೆಯನ್ನು ಮಾತ್ರ ತಪ್ಪೆಂದರು. ಚಿತ್ರಕಲಾ ಶಾಲೆಯಲ್ಲಿ ಅಲುಗಾಡದೆ ಕೂರುವ ಕೆಲಸ ಸಿಕ್ಕಿ, ಒಂದು ತಿಂಗಳು ವಿದ್ಯಾರ್ಥಿಗಳು ಅವನನ್ನು ಮೆಚ್ಚಿ ಬರೆದರು. ಬರೆದ ಚಿತ್ರಗಳಲ್ಲೆಲ್ಲ ಅವನ ಕಣ್ಣು ಮುಚ್ಚಿದ್ದವೆಂದು ಮೇಷ್ಟರು ಕೆಲಸದಿಂದ ಬಿಡಿಸಿದರು. ಹೆಚ್ಚು ಕಾಲ ಬಾಳಿದ್ದು ಲಿಫ್ಟ್ ನಡೆಸುವ ಕೆಲಸ. ಲಿಫ್ಟ್ ಕೆಟ್ಟು ನೆಲಮಹಡಿಯಲ್ಲಿ ನಿಂತ ಮೇಲೂ ಹನ್ನೆರಡು ದಿನ ಅದರೊಳಗೆ ಸ್ಟೂಲಿನ ಮೇಲೆ ಕೂತಿದ್ದ. ಯಾಕೆಂದು ಕೇಳಿದರೆ, "ಯಾರಾದ್ರೂ ಹತ್ತಿದ್ರೆ ಕೆಟ್ಟಿದೆ ಅಂತ ಹೇಳೋರು ಬೇಡ್ವಾ?" ಅಂದ.

ಹೀಗೆ ಎಂಟನೆಯ ಕೆಲಸವೂ ಹೋದ ದಿನ, ಅಕ್ಕ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಅಂಗಳಕ್ಕೆ ಬಂದು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಇನ್ನೊಂದು ಕೆಲಸ ಹಿಡೀತೀಯ. ಅದೂ ಹೋದ ದಿನ ನೀನೂ ಹೋಗ್ತೀಯ. ಕುರ್ಚಿ ಬೇಕಾದ್ರೆ ತಗೊಂಡು ಹೋಗು."

"ಕುರ್ಚಿ ಹೊರೋರು ಯಾರು?" ಅಂದ ಕುರ್ಚಿಯಪ್ಪ.

ಬೀದಿ ನಕ್ಕಿತು. ಅಕ್ಕ ನಗಲಿಲ್ಲ. ಅವಳು ಒಮ್ಮೆ ಬಟ್ಟೆಗೆ ಕತ್ತರಿ ಹಾಕಿದರೆ ಹಾಕಿದ್ದೇ, ಒಮ್ಮೆ ಮಾತು ಆಡಿದರೆ ಆಡಿದ್ದೇ. ಇದು ಬೀದಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು.

ಅದೇ ವರ್ಷ ಮಳೆಗಾಲದಲ್ಲಿ ಪುಟ್ಟಿಗೆ ಡೆಂಗಿ ಜ್ವರ ಬಂತು. ಆಗ ಅವಳಿಗೆ ನಾಲ್ಕು ವರ್ಷ. ಆಸ್ಪತ್ರೆಯಲ್ಲಿ ಒಂಬತ್ತು ದಿನ. ನಾಲ್ಕನೆಯ ದಿನ ಮಗುವಿನ ಮೂಗಿನಿಂದ ರಕ್ತ ಬಂದಾಗ ಅಕ್ಕ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು, ಮತ್ತೆ ಅದನ್ನು ತೆಗೆದದ್ದು ಮಗು ಮನೆಗೆ ಬಂದ ಮೇಲೆಯೇ. ಮನೆಯವರೆಲ್ಲ ಓಡಾಡಿದರು: ಔಷಧಿಗೆ ಒಬ್ಬರು, ವರದಿಗೆ ಒಬ್ಬರು, ಗಂಜಿಗೆ ಒಬ್ಬರು. ಓಡಾಡದವನು ಒಬ್ಬನೇ. ಕುರ್ಚಿಯಪ್ಪ ವಾರ್ಡಿನ ಬಾಗಿಲಲ್ಲಿದ್ದ ಕುರ್ಚಿಯಲ್ಲಿ ಒಂಬತ್ತು ದಿನವೂ ಕೂತಿದ್ದ. "ನಿನ್ನ ತಮ್ಮಂಗೆ ಒಳ್ಳೇ ಜಾಗ ಸಿಕ್ತು ನೋಡು. ಕುರ್ಚಿ ಇದೆ, ಮೇಲೆ ಫ್ಯಾನ್ ಇದೆ," ಎಂದ ಅಕ್ಕನ ಗಂಡ. ಅವನು ನಿವೃತ್ತ ಬಸ್ ಡ್ರೈವರ್. ಎಲ್ಲಿ ಯಾರು ಸೀಟು ಹಿಡಿದರು ಎನ್ನುವುದು ಅವನ ಕಣ್ಣಿಗೆ ಮೊದಲು ಬೀಳುತ್ತಿತ್ತು.

ಆ ಕುರ್ಚಿಯ ಎದುರು ಗೋಡೆಯ ಮೇಲೆ ಒಂದು ಪ್ರಕಟಣೆ ಅಂಟಿಸಿದ್ದರು. ಊರಿನ ಸೊಳ್ಳೆ ಲ್ಯಾಬಿಗೆ ಜನ ಬೇಕು, ಕೂತು ಮಾಡುವ ಕೆಲಸ ಎಂದು ಬರೆದಿತ್ತು. ಒಂಬತ್ತು ದಿನ ಅದನ್ನೇ ಓದಿದ ಕುರ್ಚಿಯಪ್ಪ ಹತ್ತನೆಯ ದಿನ ಹೋಗಿ ಸೇರಿಕೊಂಡ. "ಅಲ್ಲಿ ಓದೋಕೆ ಬೇರೇನೂ ಇರ್ಲಿಲ್ಲ," ಎಂದು ಕಾರಣ ಕೊಟ್ಟ.

ಲ್ಯಾಬಿನಲ್ಲಿ ಸೊಳ್ಳೆ ಸಾಕುತ್ತಿದ್ದರು. ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲು ಕಚ್ಚುವ, ಡೆಂಗಿ ಹರಡುವ ಅದೇ ಜಾತಿ. ಆದರೆ ಇವುಗಳ ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಅದಿದ್ದ ಸೊಳ್ಳೆಯಲ್ಲಿ ಡೆಂಗಿಯ ವೈರಸ್ ಬೆಳೆಯಲು ಹೆಣಗಾಡುತ್ತದೆ. ಇವುಗಳನ್ನು ಊರಿನಲ್ಲಿ ಬಿಟ್ಟರೆ ಊರಿನ ಸೊಳ್ಳೆಗಳ ಜೊತೆ ಕೂಡುತ್ತವೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಬ್ಯಾಕ್ಟೀರಿಯಾ ಇಳಿದು, ಕೆಲವು ತಿಂಗಳಲ್ಲಿ ಊರಿನ ಸೊಳ್ಳೆಗಳೆಲ್ಲ ಹೆಚ್ಚುಕಡಿಮೆ ಇವುಗಳ ವಂಶದವೇ ಆಗುತ್ತವೆ. ಕಚ್ಚುವುದನ್ನು ಬಿಡುವುದಿಲ್ಲ, ಜ್ವರ ಹರಡುವುದು ಮಾತ್ರ ಕಡಿಮೆಯಾಗುತ್ತದೆ. ಹೆಣ್ಣು ಸೊಳ್ಳೆ ಮೊಟ್ಟೆಯಿಡಬೇಕಾದರೆ ರಕ್ತ ಬೇಕು. ಅದನ್ನು ಕೊಡುವುದೇ ಕೂತು ಮಾಡುವ ಕೆಲಸ. ಬಲೆಯ ಪಂಜರದ ತೋಳುಗವುಸಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಾಲು ಗಂಟೆ ಅಲುಗಾಡದೆ, ಕೆರೆಯದೆ ಕೂರಬೇಕು. ಆಮೇಲೆ ಇನ್ನೊಂದು ಕೈ, ಇನ್ನೊಂದು ಪಂಜರ. ಬಂದವರಲ್ಲಿ ಹೆಚ್ಚಿನವರು ಎರಡನೆಯ ದಿನಕ್ಕೆ ಓಡಿಹೋದರು. ಕುರ್ಚಿಯಪ್ಪ ಎರಡು ವರ್ಷ ಕೂತ.

"ಕೂತು ತಿನ್ನೋನು ಈಗ ಕೂತು ತಿನ್ನಿಸ್ತಾನೆ," ಎಂದಳು ಅಕ್ಕ. ಆದರೂ ಒಂಬತ್ತನೆಯ ಕೆಲಸ ಉಳಿಯಿತಲ್ಲ ಎಂದು ಒಳಗೊಳಗೇ ನಿರಾಳವಾಗಿದ್ದಳು. ಅವಳಿಗೆ ಒಂದೇ ದೂರು. ಅವನು ಸೆಖೆಗಾಲದಲ್ಲೂ ಪೂರ್ತಿ ತೋಳಿನ ಅಂಗಿಯೇ ಬೇಕೆಂದು ಹಟ ಹಿಡಿಯುತ್ತಿದ್ದ. "ದೊರೆಗೆ ಅರ್ಧ ತೋಳು ಆಗಲ್ಲ. ಮಾಡೋದು ಸೊಳ್ಳೆ ಚಾಕರಿ, ಹಾಕೋದು ಮ್ಯಾನೇಜರ್ ಅಂಗಿ," ಎಂದು ಬೈಯುತ್ತಲೇ ಹೊಲಿದುಕೊಡುತ್ತಿದ್ದಳು.

ಮೂರನೆಯ ವರ್ಷ ಲ್ಯಾಬಿಗೆ ಯಂತ್ರ ಬಂತು. ತೆಳುವಾದ ಪೊರೆ ಹೊದಿಸಿದ ತಟ್ಟೆಯಲ್ಲಿ ಬೆಚ್ಚಗಿನ ರಕ್ತ. ಸೊಳ್ಳೆಗಳು ಮೇಲೆ ಕೂತು ಹೀರುತ್ತಿದ್ದವು. ತಟ್ಟೆಗೆ ಗೊರಕೆಯಿಲ್ಲ, ರಜೆಯಿಲ್ಲ. ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವ ಮೂವತ್ತೈದರ ಹೆಂಗಸು, ಕುರ್ಚಿಯಪ್ಪನನ್ನು ಕರೆದು ಹೇಳಿದಳು: "ಯಂತ್ರ ಕೈಕೊಟ್ರೆ ಅಂತ ಒಂದು ಪಂಜರ ಮಾತ್ರ ಕೈ ಮೇಲೇ ಸಾಕ್ತೀವಿ. ಅದು ಅರ್ಧ ಗಂಟೆ ಕೆಲಸ. ನೀವು ಉಳೀಬೇಕು ಅಂದ್ರೆ ಸೊಳ್ಳೆ ಬಿಡೋ ಕೆಲಸಕ್ಕೆ ಬರಬೇಕು. ವಾರಕ್ಕೆ ಎರಡು ದಿನ, ಬೆಳಿಗ್ಗೆ ಐದಕ್ಕೆ, ತೊಂಬತ್ತಾರು ಡಬ್ಬಿ, ತೊಂಬತ್ತಾರು ಜಾಗ."

"ಬಸ್ಸಲ್ಲಾ?"

"ನಡ್ಕೊಂಡು."

ಕುರ್ಚಿಯಪ್ಪ ತನ್ನ ಎರಡೂ ಕಾಲುಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ "ಆಗ್ಲಿ ಮೇಡಂ" ಅಂದ. ಆ ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಅಕ್ಕನ ಗಂಡ ಓದುತ್ತಿದ್ದ ಪತ್ರಿಕೆ ಕೆಳಗಿಟ್ಟ. "ಇವನು ನಡೀತಾನಾ? ಎಂಜಿನ್ ಇಲ್ಲದ ಬಸ್ಸು ಕಣೇ ಇದು."

ಅಕ್ಕ ಮಾತ್ರ ಕ್ಯಾಲೆಂಡರ್ ಕಡೆ ನೋಡಿದಳು. ಅವಳಿಗೆ ತನ್ನದೇ ಮಾತು ನೆನಪಾಗಿತ್ತು. ಈ ಕೆಲಸ ಹೋದರೆ ಅವನನ್ನು ಕಳಿಸಬೇಕು, ಬೀದಿಯ ಎದುರು ಆಡಿದ್ದಾಗಿದೆ. ಐವತ್ತು ದಾಟಿದವನು ಹೋಗುವುದಾದರೂ ಎಲ್ಲಿಗೆ? ಹೆಂಡತಿಯಿಲ್ಲ, ಬೇರೆ ಮನೆಯಿಲ್ಲ, ಹೋಗಿ ನಿಲ್ಲುವ ಅಭ್ಯಾಸವಂತೂ ಇಲ್ಲವೇ ಇಲ್ಲ.

ಆದರೆ ಕುರ್ಚಿಯಪ್ಪ ಹೋದ. ಗೊತ್ತಾದ ದಿನಗಳಲ್ಲಿ ನಸುಕಿನಲ್ಲೇ ಎದ್ದು ಎರಡು ಚೀಲ ಹಿಡಿದು ಹೊರಡುತ್ತಿದ್ದ, ಏಳಕ್ಕೆಲ್ಲ ಕುರ್ಚಿಯಲ್ಲಿರುತ್ತಿದ್ದ. ಅಕ್ಕ ಬೆರಗಾದಳು. ಒಂದು ಬೆಳಿಗ್ಗೆ ಕೇಳದೆಯೇ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

ಎರಡನೆಯ ವಾರ ಬೀದಿಯಲ್ಲಿ ಕೆರೆತ ಶುರುವಾಯಿತು.

ಮೊದಲು ಕೆರೆದುಕೊಂಡದ್ದು ಎದುರು ಮನೆಯ ಗಡಿಯಾರದ ಯಜಮಾನರು. ಎಪ್ಪತ್ತೈದರ ಅವರು ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಸ್ಪ್ರಿಂಗ್ ಎತ್ತುವ ಹೊತ್ತಿಗೆ ಸರಿಯಾಗಿ ಕಿವಿಯ ಹಿಂದೆ ಕಚ್ಚಿತು. ಸ್ಪ್ರಿಂಗ್ ಹಾರಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. "ಟೈಲರಮ್ಮ, ನಿಮ್ಮ ತಮ್ಮನ ಸಂಬಂಧಿಕರು ನಮ್ಮ ಮನೆಗೇ ಬಿಡಾರ ಬಂದ ಹಾಗಿದೆ," ಎಂದು ಅಂಗಡಿಗೆ ಬಂದು ಹೇಳಿದರು.

"ಎಲ್ಲಾ ಬೀದೀಲೂ ಹೀಗೇ ಇರುತ್ತೆ ಯಜಮಾನ್ರೇ. ಸ್ವಲ್ಪ ದಿನ ತಡ್ಕೋಬೇಕಂತೆ," ಎಂದಳು ಅಕ್ಕ, ತನ್ನ ಮೊಣಕಾಲು ಕೆರೆಯುತ್ತ.

ಎಲ್ಲ ಬೀದಿಗಳಲ್ಲೂ ಹಾಗಿರಲಿಲ್ಲ. ಲ್ಯಾಬಿನವರು ಅಲ್ಲಲ್ಲಿ ಕೆಲವು ಮನೆಗಳ ಮುಂದೆ ಸಣ್ಣ ಫ್ಯಾನಿರುವ ಸೊಳ್ಳೆ ಬೋನು ಇಟ್ಟಿದ್ದರು. ವಾರಕ್ಕೊಮ್ಮೆ ಅದರ ಚೀಲ ತೆಗೆದು ಸೊಳ್ಳೆ ಎಣಿಸುತ್ತಿದ್ದರು. ಮಿಕ್ಕ ಬೀದಿಗಳ ಚೀಲದಲ್ಲಿ ಲ್ಯಾಬಿನ ಸೊಳ್ಳೆ ಒಂದೂ ಇಲ್ಲ. ಗಡಿಯಾರದ ಯಜಮಾನರ ಜಗಲಿಯ ಚೀಲ ಮಾತ್ರ ತಲೆದಿಂಬಿನಂತೆ ಉಬ್ಬಿತ್ತು. ಮೇಡಂ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ನೋಡಿದಳು. ಊರೆಲ್ಲ ಖಾಲಿ, ಒಂದು ಬೀದಿಯಲ್ಲಿ ಸೂಜಿಗಳ ಪೊದೆ.

ಓದಿದವರಿಗೆ ಎದುರಿಗಿರುವ ಕಾರಣ ಕಾಣುವುದು ತಡ. ತೊಂಬತ್ತಾರು ಕಡೆ ಬಿಟ್ಟ ಸೊಳ್ಳೆಗಳು ಒಂದೇ ಬೀದಿಗೆ ಯಾಕೆ ಬರುತ್ತವೆ ಎಂಬ ಸೋಜಿಗ ಮೇಡಂಗೆ ಹಿಡಿಯಿತು. ಗಾಳಿಯ ದಿಕ್ಕು ನೋಡಲು ಬೀದಿಯುದ್ದಕ್ಕೂ ಪುಟ್ಟ ಬಾವುಟ ನೆಟ್ಟರು. ಚರಂಡಿಯ ನೀರನ್ನು ಸೀಸೆಗೆ ತುಂಬಿದರು. ಕೊನೆಗೆ ಮೇಡಂ ಅಕ್ಕನ ಅಂಗಡಿಗೆ ಬಂದು, ರಾಶಿ ಬಿದ್ದಿದ್ದ ಕಡುನೀಲಿ ಬಟ್ಟೆ ಮುಟ್ಟಿ ನೋಡಿ, ಇನ್ನಷ್ಟು ಬಗ್ಗಿ ಮೂಸಿದಳು.

"ಈ ಸೊಳ್ಳೆಗಳಿಗೆ ಗಾಢ ಬಣ್ಣ ಇಷ್ಟ ಅಮ್ಮ. ನಿಮ್ಮ ಬಟ್ಟೇನೇ ಇವನ್ನ ಎಳೀತಿರಬಹುದು. ಒಂದು ತುಂಡು ಕೊಡ್ತೀರಾ, ಪರೀಕ್ಷೆ ಮಾಡೋಣ?"

"ಮೂವತ್ತು ವರ್ಷದಿಂದ ಇದೇ ನೀಲಿ ಹೊಲೀತಿದೀನಿ," ಎಂದಳು ಅಕ್ಕ. "ಇಲ್ಲಿವರ್ಗೂ ಒಂದು ಸೊಳ್ಳೆನೂ ಅಳತೆ ಕೊಡೋಕೆ ಬಂದಿಲ್ಲ."

ಮೇಡಂ ನಗುವಷ್ಟರಲ್ಲಿ ಅಂಗಳದಿಂದ ಪುಟ್ಟಿಯ ದನಿ ಕೇಳಿತು. ಶಾಲೆಗೆ ರಜೆಯಾದ್ದರಿಂದ ಅವಳೇ ಶಾಲೆ ನಡೆಸುತ್ತಿದ್ದಳು. ಮೆಟ್ಟಿಲ ಮೇಲೆ ಬಲೆಯ ಮುಚ್ಚಳದ ಖಾಲಿ ಡಬ್ಬಿಗಳನ್ನು ಸಾಲಾಗಿ ಕೂರಿಸಿ ಹಾಜರಿ ಕರೆಯುತ್ತಿದ್ದಳು. "ನಲವತ್ತೊಂದು? ಬಂದೆ ಟೀಚರ್. ನಲವತ್ತೆರಡು? ಬಂದೆ ಟೀಚರ್. ಯಾಕೆ ಲೇಟು?"

ಮೇಡಂ ಬಾಗಿಲಿಗೆ ಬಂದು ನಿಂತಳು. ನಲವತ್ತೆರಡನೆಯ ಡಬ್ಬಿ ತೆರೆಯಬೇಕಾದದ್ದು ಅಂಚೆ ಕಚೇರಿಯ ಹಿಂದೆ. ತೆರೆದ ಡಬ್ಬಿಗಳನ್ನು ಅಲ್ಲಲ್ಲೇ ಕಟ್ಟಿ ತೂಗುಹಾಕಬೇಕು, ಎರಡು ದಿನ ಬಿಟ್ಟು ಬೇರೆಯವರು ಹೋಗಿ ಒಟ್ಟುಮಾಡುತ್ತಾರೆ ಎಂಬುದು ನಿಯಮ. ಇಲ್ಲಿ ಒಂದರಿಂದ ತೊಂಬತ್ತಾರರವರೆಗೆ ಎಲ್ಲವೂ ಹಾಜರಿದ್ದವು, ಒಂದೇ ಒಂದು ಗೈರುಹಾಜರಿಯಿರಲಿಲ್ಲ.

"ಇವೆಲ್ಲ ಎಲ್ಲಿ ಸಿಕ್ತು ಮರಿ?"

"ಚಿಕ್ಕತಾತಂದು. ಇಲ್ಲೇ ತೆಗೀತಾರೆ, ಆಮೇಲೆ ಮಲಗ್ತಾರೆ. ಎದ್ದ ಮೇಲೆ ತಗೊಂಡು ಹೋಗಿ ಕಟ್ಟಿ ಬರ್ತಾರೆ."

ಬೆತ್ತದ ಕುರ್ಚಿಯಲ್ಲಿ ಕುರ್ಚಿಯಪ್ಪ ಕಣ್ಣು ತೆರೆದ. ಎದುರಿಗೆ ಮೇಡಂ, ಅವಳ ಹಿಂದೆ ಅಕ್ಕ, ಅಕ್ಕನ ಕೈಯಲ್ಲಿ ಕತ್ತರಿ. ಅವನು ಮತ್ತೆ ಕಣ್ಣು ಮುಚ್ಚಿದ.

"ಮೂರು ವಾರ," ಎಂದಳು ಮೇಡಂ. "ಮೂರು ವಾರ ನಾನು ಗಾಳಿ ಅಳೀತಿದ್ದೆ."

ಅಕ್ಕ ಅವನ ಕಿವಿ ಹಿಡಿದು ಎಬ್ಬಿಸಿದಳು. ಐವತ್ತು ದಾಟಿದವನ ಕಿವಿ ಹಿಡಿಯಬಾರದು ಎಂಬುದು ಅವಳಿಗೆ ಆಮೇಲೆ ಹೊಳೆಯಿತು. "ಲೋ, ಬಿಡೋದಾದ್ರೆ ಲ್ಯಾಬ್ ಗೇಟಿನ ಹತ್ರಾನೇ ಬಿಡ್ಬಾರದಿತ್ತಾ? ಅಲ್ಲಿ ಮರ ಇದೆ, ಕಲ್ಲು ಬೆಂಚಿದೆ. ಎರಡು ಚೀಲ ಹೊತ್ಕೊಂಡು ಊರಾಚೆಯಿಂದ ಇಲ್ಲೀವರ್ಗೂ ಯಾಕೆ ಬಂದೆ? ಸೋಮಾರಿತನ ಮಾಡೋಕೂ ಬರಲ್ವಲ್ಲೋ ನಿಂಗೆ."

"ಕಲ್ಲು ಬೆಂಚು ಒತ್ತುತ್ತೆ ಅಕ್ಕ," ಎಂದ ಕುರ್ಚಿಯಪ್ಪ. "ಇಲ್ಲಿ ಕುರ್ಚಿ ಇದೆ."

ಉತ್ತರ ಅವನಿಗೆ ತಕ್ಕದಾಗಿತ್ತು. ಯಾರೂ ಮುಂದೆ ಕೇಳಲಿಲ್ಲ.

ವಿಷಯ ಬೀದಿಗೆ ಗೊತ್ತಾಗಲು ಗಡಿಯಾರದಲ್ಲಿ ಮುಳ್ಳು ಸರಿಯಬೇಕಾಗಲಿಲ್ಲ. ಇನ್ನು ಮುಂದೆ ನಮ್ಮ ಬೀದಿಯಲ್ಲಿ ಸೊಳ್ಳೆ ಬಿಡಕೂಡದು, ಬೋನೂ ಬೇಡ, ಬಾವುಟವೂ ಬೇಡ ಎಂದು ಎಲ್ಲರೂ ಸೇರಿ ಅರ್ಜಿ ಕೊಡುವುದೆಂದಾಯಿತು. ಅಚ್ಚುಕಟ್ಟಾದ ಅಕ್ಷರ ಯಾರದು? ಅಕ್ಕನದು. ಕೋಪ ಯಾರದು ಹೆಚ್ಚು? ಅದೂ ಅಕ್ಕನದೇ. ಅವಳೇ ಅರ್ಜಿ ಬರೆದಳು. ಮೇಡಂ ಸಪ್ಪೆ ಮುಖ ಮಾಡಿಕೊಂಡು ಹೇಳಿದಳು: "ನೀವು ಬೇಡ ಅಂದ್ರೆ ನಾವು ಬಿಡೋ ಹಾಗಿಲ್ಲ. ಆದ್ರೆ ಈ ಬೀದಿ ಹೋದ್ರೆ ಪಕ್ಕದ ಬೀದೀನೂ ಹೋಗುತ್ತೆ, ಆಮೇಲೆ ಕೆಲಸಾನೇ ನಿಲ್ಲುತ್ತೆ. ಅರ್ಜಿ ಬಂದ್ರೆ ನಿಮ್ಮ ತಮ್ಮನ್ನ ಕೆಲಸದಲ್ಲಿ ಇಟ್ಕೊಳ್ಳೋಕಾಗಲ್ಲ. ಬರದಿದ್ರೆ ಇನ್ನೊಂದು ಅವಕಾಶ ಕೊಡ್ತೀನಿ. ಭಾನುವಾರ ಒಂದು ಸಲ ನನ್ನ ಮಾತು ಕೇಳಿ, ಆಮೇಲೆ ಸಹಿ ಹಾಕಿ."

ಭಾನುವಾರ ಬೆಳಿಗ್ಗೆ ಅಂಗಡಿಯ ತುಂಬ ಜನ. ಕತ್ತರಿಸುವ ಮೇಜಿನ ಮೇಲೆ ಅರ್ಜಿ. ಕೆಳಗೆ ಹತ್ತೊಂಬತ್ತು ಮನೆಯವರ ಸಹಿ ಬಿದ್ದಾಗಿತ್ತು. ಉಳಿದಿದ್ದು ಅಕ್ಕನದೊಂದೇ. ಬೀದಿಯೆಲ್ಲ ಒಪ್ಪಿದರಷ್ಟೇ ಅರ್ಜಿಗೆ ಬೆಲೆ. ಪೆನ್ನು ಅವಳ ಕಿವಿಯ ಹಿಂದಿತ್ತು. ಮೇಡಂ ಮುಕ್ಕಾಲು ಗಂಟೆ ಮಾತಾಡಿದಳು. ಪರದೆಯ ಮೇಲೆ ಬ್ಯಾಕ್ಟೀರಿಯಾ ತೋರಿಸಿದಳು. ಅಕ್ಕನ ಗಂಡ ಎರಡು ಸಲ ಆಕಳಿಸಿದ.

"ಎಲ್ಲಾ ಸರಿಯಮ್ಮ," ಎಂದರು ಗಡಿಯಾರದ ಯಜಮಾನರು. "ಸೊಳ್ಳೆ ಹೊಟ್ಟೇಲಿರೋದು ಕಚ್ಚಿದಾಗ ನಮ್ಮ ಹೊಟ್ಟೆಗೆ ಬರಲ್ಲ ಅಂತ ಏನು ಗ್ಯಾರಂಟಿ? ಮೂರು ವಾರದಿಂದ ಕಚ್ಚಿಸ್ಕೊಂಡೋರು ನಾವು."

"ಬರಲ್ಲ ಸರ್. ಸಾಕಷ್ಟು ಅಧ್ಯಯನ ಆಗಿದೆ."

"ಅಧ್ಯಯನ ಕಾಗದದ ಮೇಲಿರುತ್ತೆ. ಕಾಗದಕ್ಕೆ ಸೊಳ್ಳೆ ಕಚ್ಚಲ್ಲ."

ಜನ ಗುಜುಗುಟ್ಟಿದರು. ಆಗ ಗೋಡೆಗೆ ಒರಗಿ ನಿಂತಿದ್ದ ಕುರ್ಚಿಯಪ್ಪ, ನಿಂತೇ ಮುಕ್ಕಾಲು ಗಂಟೆಯಾಗಿದ್ದರಿಂದ ಮುಖ ಬಾಡಿದ್ದವನು, ಬಾಯಿಬಿಟ್ಟ. "ಮೇಡಂ, ಒಂದು ಕುರ್ಚಿ ಕೊಡ್ಸಿ. ಆ ಪಂಜರ ಈ ಕಡೆ ತನ್ನಿ."

ಪರಿಚಯಕ್ಕೆಂದು ಮೇಡಂ ತಂದಿದ್ದ ಸೊಳ್ಳೆ ಪಂಜರವನ್ನು ಮೇಜಿನ ಮೇಲಿಟ್ಟರು. ಕುರ್ಚಿಯಪ್ಪ ಕೂತ. ಪೂರ್ತಿ ತೋಳಿನ ಗುಂಡಿ ಬಿಚ್ಚಿ ಮೊಣಕೈವರೆಗೆ ಮಡಚಿದ.

ಅಕ್ಕ ಆ ಕೈಯನ್ನು ಎರಡು ವರ್ಷದಿಂದ ನೋಡಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ಚುಕ್ಕೆಯ ಮೇಲೆ ಚುಕ್ಕೆ. ಸೂಜಿ ಮೊಂಡಾದ ಯಂತ್ರದಲ್ಲಿ ದಾರವಿಲ್ಲದೆ ಹೊಲಿಗೆ ಓಡಿಸಿದ ಬಟ್ಟೆಯ ಹಾಗೆ ಕಂಡಿತು ಅವಳಿಗೆ. ಅಂಥ ಬಟ್ಟೆಯನ್ನು ಅವಳು ಗಿರಾಕಿಗೆ ಎಂದೂ ಕೊಟ್ಟವಳಲ್ಲ. ಪೂರ್ತಿ ತೋಳು ಯಾಕೆಂದು ಈಗ ಗೊತ್ತಾಯಿತು. ಗೊತ್ತಾದದ್ದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು.

ಕೈ ಒಳಗೆ ಹೋದದ್ದೇ ಸೊಳ್ಳೆಗಳು ಕರಿ ಗವುಸಿನಂತೆ ಮುತ್ತಿದವು. ಮುಂದಿನ ಸಾಲಿನವರು ಹಿಂದೆ ಸರಿದರು. ಗಡಿಯಾರದ ಯಜಮಾನರು ಜೇಬಿನಿಂದ ಗಡಿಯಾರ ತೆಗೆದು ಅಂಗೈಯಲ್ಲಿ ಹಿಡಿದರು. "ಹದಿನೈದು ನಿಮಿಷ ಅಲುಗಾಡ್ಬಾರ್ದು. ನಾನು ನೋಡ್ತಿರ್ತೀನಿ."

ಎರಡು ನಿಮಿಷ. ನಾಲ್ಕು ನಿಮಿಷ. ಕುರ್ಚಿಯಪ್ಪನ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ನೋಡುವವರು ಮಾತ್ರ ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಕೈ ಕೆರೆದುಕೊಂಡರು. ಏಳನೆಯ ನಿಮಿಷಕ್ಕೆ ಒಂದು ಸದ್ದು ಕೇಳಿತು. ಪಂಜರದಿಂದ ಬಂದ ಸದ್ದೆಂದು ಎಲ್ಲರೂ ಬಗ್ಗಿ ನೋಡಿದರು. ಪಂಜರದ್ದಲ್ಲ. ಕುರ್ಚಿಯಪ್ಪ ಗೊರಕೆ ಹೊಡೆಯುತ್ತಿದ್ದ.

ಮೊದಲು ನಕ್ಕವಳು ಪುಟ್ಟಿ. ಆಮೇಲೆ ಅಂಗಡಿಯೇ ನಕ್ಕಿತು. ಗಡಿಯಾರದ ಯಜಮಾನರು ನಗುವನ್ನು ತಡೆದುಕೊಂಡು, ಕೊಟ್ಟ ಮಾತಿನಂತೆ ಹದಿನೈದೂ ನಿಮಿಷ ಮುಳ್ಳು ನೋಡಿ, "ಆಯ್ತು, ಎಬ್ಬಿಸಿ" ಅಂದರು.

"ಎರಡು ವರ್ಷದಲ್ಲಿ ಒಂದು ದಿನ ಇವರಿಗೆ ಜ್ವರ ಬಂದಿಲ್ಲ. ನಾವು ದಿನಾ ಪರೀಕ್ಷೆ ಮಾಡ್ತೀವಿ," ಎಂದಳು ಮೇಡಂ. ಮುಕ್ಕಾಲು ಗಂಟೆ ಮೊದಲೇ ಹೇಳಬೇಕಾಗಿದ್ದ ಮಾತು ಅದು.

"ನಿದ್ದೆ ಬರೋವಷ್ಟು ಕಚ್ಚುತ್ತೆ ಅಂದ್ರೆ ಭಯ ಪಡೋ ಅಂಥದ್ದೇನಿಲ್ಲ," ಎಂದರು ಯಜಮಾನರು. ಈ ತರ್ಕದಲ್ಲಿ ಹುರುಳಿರಲಿಲ್ಲ, ಆದರೆ ಪರದೆಯ ಮೇಲಿನ ಚಿತ್ರಗಳಿಗಿಂತ ಇದು ಜನರಿಗೆ ಹಿಡಿಸಿತು. "ಆದ್ರೂ ಸಹಿಯೆಲ್ಲ ಬಿದ್ದಿದೆ. ಟೈಲರಮ್ಮ, ನೀವೇನಂತೀರಿ? ಇನ್ನು ಅರ್ಜಿ ನಿಮ್ಮ ಕೈಲಿ."

ಬೀದಿಯ ಎದುರು ಅವಳಾಡಿದ್ದ ಮಾತು ಎಲ್ಲರಿಗೂ ನೆನಪಿತ್ತು. ಸಹಿ ಹಾಕಿದರೆ ತಮ್ಮ ಹೋಗುತ್ತಾನೆ, ಮಾತು ಉಳಿಯುತ್ತದೆ. ಕುರ್ಚಿಯಪ್ಪ ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ. ಎಡಗೈಯಲ್ಲಿ ಗುಂಡಿ ಹಾಕಲು ಬರದೆ ತಡವರಿಸುತ್ತಿದ್ದ. ಅಕ್ಕ ಹೋಗಿ, ಮುಖ ಗಂಟಿಕ್ಕಿಕೊಂಡೇ, ಗುಂಡಿ ಹಾಕಿದಳು. ಆಮೇಲೆ ಅರ್ಜಿಯನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲೆ ಕಾಲರಿನ ಅಳತೆ ಗೀಚಿ, ಕತ್ತರಿಯಲ್ಲಿ ಕಚಕಚನೆ ಕತ್ತರಿಸಿದಳು.

"ಗಟ್ಟಿ ಕಾಗದ. ವೇಸ್ಟ್ ಮಾಡೋದು ಬೇಡ," ಎಂದಳು. "ಈಗ ಎಲ್ರೂ ಹೊರಡಿ, ನಂಗೆ ಕೆಲಸ ಇದೆ."

ಅಂದಿನಿಂದ ಕುರ್ಚಿಯಪ್ಪ ತೊಂಬತ್ತಾರೂ ಜಾಗಕ್ಕೆ ನಡೆಯಬೇಕಾಯಿತು. ಮೇಡಂ ಪ್ರತಿ ಬೋನಿನ ಚೀಲ ತಾನೇ ಎಣಿಸಿದಳು. ನಕ್ಷೆಯ ಸೂಜಿಗಳು ಮೆಲ್ಲಗೆ ಊರಿಗೆಲ್ಲ ಹರಡಿದವು. ಒಂದೂವರೆ ತಿಂಗಳ ನಂತರ ಮೇಡಂ ಅಂಗಿ ಹೊಲಿಸಲು ಬಂದಾಗ ಅಕ್ಕ ಕೇಳಿದಳು: "ನಮ್ಮೋನು ಹೇಗೆ?"

"ಡಬ್ಬಿಗಳೆಲ್ಲ ಸರಿಯಾದ ಜಾಗದಲ್ಲಿವೆ. ನಡಿಗೆ ಮುಗಿಸಿ, ಮಧ್ಯಾಹ್ನ ಬಂದು, ಯಂತ್ರ ಕೈಕೊಟ್ರೆ ಅಂತ ಇಟ್ಟಿರೋ ಬದಲಿ ಪಂಜರಕ್ಕೆ ಕೈ ಕೊಡ್ತಾರೆ. ಅದು ಅರ್ಧ ಗಂಟೆ ಸಾಕು, ಇವರು ಒಂದು ಗಂಟೆ ಕೂತಿರ್ತಾರೆ. ಅದರಿಂದ ಹೆಚ್ಚಾಗಿ ಹುಟ್ಟಿದ ಸೊಳ್ಳೆ ನಮ್ಮ ಲೆಕ್ಕಕ್ಕಿಲ್ಲ, ಏನಾದ್ರೂ ಮಾಡ್ಕೊಳ್ಳಿ ಅಂದಿದೀನಿ."

"ಅಲ್ಲಿ ಫ್ಯಾನ್ ಇದ್ಯಾ?"

"ಎಸಿ ಇದೆ."

"ಹಾಗೆ ಹೇಳಿ ಮತ್ತೆ," ಎಂದಳು ಅಕ್ಕ. ತೀರ್ಪು ತಿದ್ದುವ ಅಗತ್ಯ ಅವಳಿಗೆ ಕಾಣಲಿಲ್ಲ.

ಆದರೂ ಅವಳಿಗೊಂದು ಅನುಮಾನ. ಇತ್ತೀಚೆಗೆ ಕಿಟಕಿಯ ಪರದೆಗೆಂದು ಇಟ್ಟಿದ್ದ ಬಿಳಿ ಬಲೆಬಟ್ಟೆಯ ಚೂರುಗಳು ಮಾಯವಾಗುತ್ತಿದ್ದವು. ನೀಲಿ ದಾರದ ಒಂದು ಉಂಡೆಯೂ ಸಣ್ಣದಾಗಿತ್ತು. ಇವನು ಮತ್ತೇನೋ ನಡೆಸಿದ್ದಾನೆ. ಯಾವುದೋ ದಿನ ಚೀಲವನ್ನೆಲ್ಲ ಇಲ್ಲೇ ಸುರಿದು ಕುರ್ಚಿಗೆ ಬೀಳುತ್ತಾನೆ. ಆಗ ಬೀದಿಯ ಎದುರು ತನ್ನ ಮುಖ ಎಲ್ಲಿಡುವುದು? ಸೊಳ್ಳೆ ಬಿಡುವ ದಿನವೊಂದರಂದು ಅವಳು ಬೇಗ ಎದ್ದು, ಮಲಗಿದ್ದ ಪುಟ್ಟಿಯ ಪಕ್ಕದಲ್ಲಿ ಕಿಟಕಿಯ ಮರೆಗೆ ಕೂತಳು. ಆಡಬೇಕಾದ ಮಾತುಗಳನ್ನು ಸೂಜಿಗೆ ದಾರ ಪೋಣಿಸಿಟ್ಟ ಹಾಗೆ ಸಿದ್ಧ ಮಾಡಿಟ್ಟುಕೊಂಡಿದ್ದಳು.

ಬೆಳಕು ಹರಿದು ಬಹಳ ಹೊತ್ತಾದ ಮೇಲೆ ಕುರ್ಚಿಯಪ್ಪ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ. ತೊಂಬತ್ತೈದು ಕಡೆ ನಡೆದು ಬಂದಿದ್ದ. ಅಂಗಿಯ ಬೆನ್ನು ಒದ್ದೆ, ಒಂದು ಕಾಲು ಎಳೆದು ಹಾಕುತ್ತಿದ್ದ. ಚೀಲಗಳು ಖಾಲಿ, ಕೈಯಲ್ಲಿ ಒಂದೇ ಒಂದು ಡಬ್ಬಿ. ಗಡಿಯಾರದ ಯಜಮಾನರ ಜಗಲಿಯ ಕಂಬಕ್ಕೆ ಕೊನೆಯ ಡಬ್ಬಿ ಕಟ್ಟಿ ತೆರೆದ. ನಂಬರ್ ತೊಂಬತ್ತಾರು. ಅಲ್ಲಿಗೆ ಕೆಲಸ ಮುಗಿಯಿತು. ಅಂಗಳ ದಾಟಿ ಸೀದಾ ಕುರ್ಚಿಯ ಕಡೆ ಬಂದ.

ಕುರ್ಚಿಯ ಹತ್ತಿರ ಬಂದವನು ಅಂಗಿಯ ಒಳಗಿನಿಂದ ಇನ್ನೊಂದು ಡಬ್ಬಿ ತೆಗೆದ. ಅದಕ್ಕೆ ನಂಬರಿರಲಿಲ್ಲ. ಲ್ಯಾಬಿನ ಮುಚ್ಚಳವೂ ಇರಲಿಲ್ಲ. ಬಾಯಿಗೆ ಬಿಳಿ ಬಲೆಬಟ್ಟೆ ಕವುಚಿ, ಸುತ್ತ ನೀಲಿ ದಾರದಲ್ಲಿ ಕೈಹೊಲಿಗೆ ಹಾಕಿತ್ತು. ಹೊಲಿಗೆ ಅಂಕುಡೊಂಕು. ಒಂದು ಹೊಲಿಗೆ ಗೋಧಿಯಷ್ಟು, ಇನ್ನೊಂದು ಹೆಬ್ಬೆರಳಿನಷ್ಟು. ಎರಡು ಕಡೆ ಬಿಚ್ಚಿ ಮತ್ತೆ ಹಾಕಿದ ಗುರುತು. ಅಂಥ ಕೆಟ್ಟ ಹೊಲಿಗೆಯನ್ನು ಅಕ್ಕ ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಅವನು ದಾರ ಎಳೆದು, ಡಬ್ಬಿಯನ್ನು ಪುಟ್ಟಿಯ ಕಿಟಕಿಯ ಅಂಚಿನ ಮೇಲಿಟ್ಟ. ಒಂದೊಂದೇ ಸೊಳ್ಳೆ ಅಂಚಿಗೆ ಬಂದು, ಕಾಲು ತಿಕ್ಕಿ, ಹಾರಿಹೋಯಿತು. ಕೊನೆಯದೊಂದು ತಳದಲ್ಲೇ ಕೂತುಬಿಟ್ಟಿತು. ಅದಕ್ಕೇನೂ ಅವಸರವಿದ್ದಂತಿರಲಿಲ್ಲ. ಕುರ್ಚಿಯಪ್ಪ ಡಬ್ಬಿಯನ್ನು ತಟ್ಟಲಿಲ್ಲ, ಮಗುಚಲಿಲ್ಲ. ಅದು ಏಳುವವರೆಗೂ ಎಳೆದುಹಾಕುವ ಕಾಲಿನ ಭಾರ ಇನ್ನೊಂದಕ್ಕೆ ಕೊಟ್ಟು ನಿಂತೇ ಇದ್ದ. ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಕುರ್ಚಿ ಖಾಲಿಯಿತ್ತು.